ಇಬ್ಬರು ಅಮರಪ್ಪರು, ಒಂದು ಕಾರ್ಡು

ರಾಯಚೂರು ಜಿಲ್ಲೆಯ ಅಮರಾಪುರದಲ್ಲಿ ದೇವರು ಅಮರೇಶ್ವರ. ಊರಿಗೆ ಹೆಸರು ಬಂದಿದ್ದೂ ಅವನಿಂದಲೇ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮನೆಮನೆಯ ಹಿರಿಮಗನಿಗೂ ಅದೇ ಹೆಸರು ಇಟ್ಟು ಇಟ್ಟು, ಯಾರಾದರೂ ‘ಅಮರಪ್ಪಾ’ ಎಂದು ಕೂಗಿದರೆ ಓಣಿಯಲ್ಲಿ ಹತ್ತು ತಲೆ ತಿರುಗುವಂತಾಗಿತ್ತು. ಊರವರಿಗೆ ಇದರಿಂದ ಏನೂ ತೊಂದರೆಯಿರಲಿಲ್ಲ. ಮೀಸೆ ಇದ್ದವನು ಮೀಸೆ ಅಮರಪ್ಪ, ಕುಂಟುವವನು ಕುಂಟ ಅಮರಪ್ಪ. ತೊಂದರೆ ಶುರುವಾದದ್ದು ಪೀಣ್ಯಕ್ಕೆ ಬಂದ ಮೇಲೆ.

ನಮ್ಮ ಅಮರಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುತ್ತಿದ್ದ. ಹನ್ನೊಂದು ವರ್ಷದ ದುಡಿಮೆ, ಅದರಲ್ಲಿ ಎಂಟು ವರ್ಷ ಗುತ್ತಿಗೆಯಲ್ಲೇ ಕಳೆದಿತ್ತು. ಕಾಯಂ ಆದ ದಿನ ಆಸ್ಪತ್ರೆಯ ಕಾರ್ಡು ಕೈಗೆ ಬಂತು. ತನಗೂ ಹೆಂಡತಿ ದಾನೇಶ್ವರಿಗೂ ಪುಕ್ಕಟೆ ಚಿಕಿತ್ಸೆ! ನಾಗಸಂದ್ರದ ಬಾಡಿಗೆ ಕೋಣೆಯಲ್ಲಿ ಅದನ್ನು ದೇವರ ಫೋಟೊದ ಹಿಂದೆ ಇಟ್ಟಿದ್ದ. ಗಟ್ಟಿ ಆಳು, ಒಂದು ದಿನ ನೆಗಡಿಯೂ ಆಗಲಿಲ್ಲ.

ಕಾಯಿಲೆ ಬಿದ್ದದ್ದು ಪಕ್ಕದ ಕೋಣೆಯ ಮೀಸೆ ಅಮರಪ್ಪ. ಅದೇ ಊರು, ಅದೇ ವಯಸ್ಸು. ಗೋದಾಮಿನಲ್ಲಿ ದಿನಗೂಲಿಗೆ ಮೂಟೆ ಹೊರುತ್ತಿದ್ದ ಅವನಿಗೆ ಎಲ್ಲಿಂದ ಬರಬೇಕು ಕಾರ್ಡು? 2009ರ ಬೇಸಿಗೆಯಲ್ಲಿ ಅವನ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿ, ಉಂಡದ್ದೆಲ್ಲ ಕಾರಿಕೊಳ್ಳತೊಡಗಿದ.

“ನನ್ನ ಕಾರ್ಡ ತಗೊಂಡ ನಡಿಯಲೇ. ಹೆಸರೂ ಅದ ಐತಿ, ಊರೂ ಅದ ಐತಿ. ಯಾರು ಕೇಳ್ತಾರ?” ಎಂದ ನಮ್ಮ ಅಮರಪ್ಪ.

ನಿಜಕ್ಕೂ ಯಾರೂ ಕೇಳಲಿಲ್ಲ. ಕಾರ್ಡಿನ ಫೋಟೊ ಮಸಿ ಬಳಿದಂತೆ ಕಪ್ಪಗೆ ಅಚ್ಚಾಗಿತ್ತು. ಮೀಸೆಗೆ ಹಾಸಿಗೆಯೂ ಸಿಕ್ಕಿತು, ಡ್ರಿಪ್ಪೂ ಹಾಕಿದರು. ಮೂರನೆಯ ದಿನ ಮಧ್ಯಾಹ್ನ ಅವನು ಸತ್ತ.

ಅಮರಪ್ಪನಿಗೆ ನಂಬಲಾಗಲಿಲ್ಲ. ಬೆಳಿಗ್ಗೆ ತಾನೇ ಗಂಜಿ ಕುಡಿಸಿ ಬಂದಿದ್ದ. ಊರಿಗೆ ಫೋನು ಮಾಡಿದ. ಮರುದಿನ ಮೀಸೆಯ ಹೆಂಡತಿ ಮಲಕವ್ವ ಬಸ್ಸಿಳಿದಳು. ಅವಳನ್ನು ಕರೆದುಕೊಂಡು ಗಂಡ ಹೆಂಡತಿ ಆಸ್ಪತ್ರೆಗೆ ಬಂದರು. ಹೆಣ ಊರಿಗೆ ಒಯ್ಯಲು ಹೊರಗೆ ವ್ಯಾನು ನಿಂತಿತ್ತು.

“ದಾನೇಶ್ವರಿ ಯಾರಮ್ಮಾ?” ಕಿಟಕಿಯೊಳಗಿಂದ ಗುಮಾಸ್ತ ಕೇಳಿದ. “ಕಾರ್ಡಲ್ಲಿ ಹೆಂಡ್ತಿ ಅಂತ ಅವ್ರ ಹೆಸರೇ ಇರೋದು. ಅವ್ರೇ ಸೈನ್ ಹಾಕ್ಬೇಕು. ಬೇರೆಯವ್ರಿಗೆ ಬಾಡಿ ಕೊಡಕ್ಕಾಗಲ್ಲ ಕಣ್ರೀ.”

ಅಮರಪ್ಪ ಕಿಟಕಿಯತ್ತ ಬಗ್ಗಿ ನೋಡಿದ. ಗುಮಾಸ್ತ ಮುಂದೆ ಚಾಚಿದ ಹಾಳೆಯಲ್ಲಿ ತನ್ನ ಹೆಸರು, ತನ್ನ ಅಪ್ಪನ ಹೆಸರು, ತನ್ನ ಕೋಣೆಯ ವಿಳಾಸ. ಮೃತಪಟ್ಟ ಸಮಯ ಒಂದು ಗಂಟೆ ಹತ್ತು ನಿಮಿಷ. ಸತ್ತವನು ತಾನೇ! ಕಾರ್ಡು ಕೊಡುವಾಗ ಮೀಸೆ ಬದುಕಿದರೆ ಸಾಕೆಂದಷ್ಟೇ ಅಂದುಕೊಂಡಿದ್ದ. ಸತ್ತರೆ ಏನು ಗತಿ ಎಂಬುದು ಆ ಪುಣ್ಯಾತ್ಮನ ತಲೆಗೇ ಹೋಗಿರಲಿಲ್ಲ. ಈಗ ನಿಜ ಹೇಳಿದರೆ ನೌಕರಿ ಹೋಗುತ್ತದೆ, ಪೊಲೀಸರೂ ಬರುತ್ತಾರೆ. ಹೇಳದಿದ್ದರೆ ಮಲಕವ್ವನಿಗೆ ಗಂಡನ ಹೆಣವೂ ಇಲ್ಲ.

“ನಾ ಸೈ ಮಾಡ್ತೀನಿ,” ದಾನೇಶ್ವರಿ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. “ಹೆಣ ಮೊದಲ ಊರು ಮುಟ್ಟಲಿ. ಮುಂದಿಂದು ಮುಂದ.”

ಅವಳು ಗೋಡೆಯ ಕಡೆ ತಿರುಗಿ ತಾಳಿಯನ್ನು ರವಿಕೆಯೊಳಗೆ ಸೇರಿಸಿದಳು. ಗುಮಾಸ್ತನಿಗೆ ಅನುಮಾನ ಬರಬಾರದೆಂದು ಸೆರಗಿನ ತುದಿಯನ್ನು ಹಣೆಯ ಕುಂಕುಮಕ್ಕೆ ಒಯ್ದಳು. ಅಮರಪ್ಪ ಬೆಚ್ಚಿಬಿದ್ದ. ಜೀವಂತ ನಿಂತ ತನ್ನ ಕಣ್ಣೆದುರಿಗೇ!

ನೆಲದ ಮೇಲೆ ಕುಸಿದು ಕೂತಿದ್ದ ಮಲಕವ್ವ ಧಡಕ್ಕನೆ ಎದ್ದು ಅವಳ ಕೈ ಹಿಡಿದಳು.

“ಬ್ಯಾಡ ತಂಗಿ! ನಿನ್ನ ಗಂಡ ಕಣ್ಣಮುಂದ ನಿಂತಾನ. ನನ್ನ ಸಲುವಾಗಿ ಅಳಸಬ್ಯಾಡ. ಹೆಣ ಇಲ್ಲೇ ಉಳದ್ರೂ ಉಳೀಲಿ.”

ಅಮರಪ್ಪನಿಗೆ ನಾಚಿಕೆಯಾಯಿತು. ಎಲ್ಲ ಕಳೆದುಕೊಂಡವಳು ಇಷ್ಟು ಅಂದಳಲ್ಲ, ತಾನು ನೌಕರಿ ಹಿಡಿದುಕೊಂಡು ಬಾಯಿ ಮುಚ್ಚಿ ನಿಂತಿದ್ದೇನಲ್ಲ! ಕಿಟಕಿಗೆ ಮುಖ ಕೊಟ್ಟ.

“ಸಾರ್, ಆ ಹಾಳ್ಯಾಗಿನ ಅಮರಪ್ಪ ನಾನ್ರೀ. ಜೀವಂತ ಅದೀನಿ. ಒಳಗ ಸತ್ತಾವ ಈಕಿ ಗಂಡ.”

ಗುಮಾಸ್ತ ಬಾಯಿ ತೆರೆದುಕೊಂಡು ಅವನನ್ನೇ ನೋಡಿದ. ಆಮೇಲೆ ಪೊಲೀಸರಿಗೆ ಫೋನು ಮಾಡಿದ.

ಸಂಜೆ ನಾಲ್ಕಕ್ಕೆ ಹೊಸ ಹಾಳೆಯಲ್ಲಿ ಮಲಕವ್ವ ಹೆಬ್ಬೆಟ್ಟು ಒತ್ತಿದಳು. ಮೀಸೆಯನ್ನು ಹೊತ್ತು ವ್ಯಾನು ಅಮರಾಪುರಕ್ಕೆ ಹೊರಟಿತು. ಮಣ್ಣು ಮಾಡಲು ಹೋಗಿ ಬರುತ್ತೇನೆಂದು ಅಮರಪ್ಪ ಎಷ್ಟು ಬೇಡಿಕೊಂಡರೂ ಪೊಲೀಸರು ಬಿಡಲಿಲ್ಲ.