ಚಾಚಾ ಹೊಲಿದ ಕೊನೆಯ ಹಾಳೆ

ಮೊನ್ನೆ ಹರಪನಹಳ್ಳಿಯ ನಮ್ಮ ಕಚೇರಿಯಲ್ಲಿ ಹಳೆಯ ಕಡತಗಳಿಗೆ ರಟ್ಟು ಹಾಕಲು ಬಂದವರು ಹಿತ್ತಲಲ್ಲಿ ಮೈದಾ ಅಂಟು ಕುದಿಸುತ್ತಿದ್ದರು. ಮೈಲುತುತ್ತ ಬೆರೆಸಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಟ್ಟೂರಿನ ನಮ್ಮ ಓಣಿ ನೆನಪಾಯಿತು. ನಮ್ಮ ಮನೆಯ ಎದುರಿಗೇ ಪುಸ್ತಕ ಹೊಲಿದು ರಟ್ಟು ಹಾಕುವ ಬೈಂಡಿಂಗ್ ಚಾಚಾ ಕೂರುತ್ತಿದ್ದರು...

ನನಗಾಗ ಒಂಬತ್ತು ವರ್ಷ. ಇನ್ನೂ ಹಾಸಿಗೆ ಒದ್ದೆ ಮಾಡುತ್ತಿದ್ದೆ. ದಿನಾ ಬೆಳಿಗ್ಗೆ ನನ್ನ ಕೌದಿ ಕಾಂಪೌಂಡ್ ಗೋಡೆಯ ಮೇಲೆ ಒಣಗುತ್ತಿತ್ತು, ಊರಿಗೆಲ್ಲ ಕಾಣುವಂತೆ. ಅದೇ ಹೊತ್ತಿಗೆ ಶಾಲೆಯಿಂದ ತಂದ ಕಥೆ ಪುಸ್ತಕದಲ್ಲಿ ನನ್ನಂತೆಯೇ ಹಾಸಿಗೆ ಒದ್ದೆ ಮಾಡುವ ಹುಡುಗನೊಬ್ಬ ಸಿಕ್ಕ. ಅವನನ್ನು ನೋಡಿ ಕಾಗೆ ನಗುತ್ತಿತ್ತು, ಅಳಿಲು ನಗುತ್ತಿತ್ತು. ಕೊನೆಯ ಪುಟದಲ್ಲಿ ‘ಇನ್ನು ಜಾಣನಾಗುತ್ತೇನೆ’ ಎಂದು ಮಲಗಿದ. ಬೆಳಗಾದರೆ ಹಾಸಿಗೆ ಗರಿಗರಿ! ಮಕ್ಕಳ ಕಥೆಗಳಲ್ಲಿ ಹಾಗೆಯೇ. ಬುದ್ಧಿ ಬಂದ ಕೂಡಲೇ ಹಾಸಿಗೆ ಒಣಗಿಬಿಡುತ್ತದೆ.

ಎಂಟು ದಿನ ನನ್ನಂಥ ಜಾಣೆ ಕೊಟ್ಟೂರಿನಲ್ಲೇ ಇರಲಿಲ್ಲ. ಜಡೆ ಹಾಕುವಾಗ ಕಿರುಚಲಿಲ್ಲ. ತಮ್ಮನಿಗೆ ನನ್ನ ಪಾಲಿನ ಮಿರ್ಚಿ ಬಜ್ಜಿ ಕೂಡ ಬಿಟ್ಟುಕೊಟ್ಟೆ. ಒಂಬತ್ತನೆಯ ದಿನವೂ ಕೌದಿ ಗೋಡೆ ಏರಿತು. ನಾನು ಕೆಟ್ಟ ಹುಡುಗಿಯೇ ಇರಬೇಕು ಎಂದು ಅವತ್ತು ಖಾತ್ರಿಯಾಯಿತು. ಸಿಟ್ಟಿಗೆ ಆ ಕೊನೆಯ ಪುಟವನ್ನು ಹರಿದು ಒಲೆಗೆ ಹಾಕಿದೆ.

ಶನಿವಾರ ಪುಸ್ತಕ ವಾಪಸ್ ಕೊಡಬೇಕಿತ್ತು. ಚಾಚಾನ ಬಳಿಗೆ ಓಡಿದೆ.

“ಇಲಿ ಹರದೈತಿ ಚಾಚಾ.”

“ಇಷ್ಟ್ ನೀಟಾಗಿ ಹರಿಯೋ ಇಲಿ ನಮ್ಮ ಅಂಗಡಿಗೂ ಒಂದ್ ಬೇಕಿತ್ತು ನೋಡು,” ಎಂದರು.

ಆಮೇಲೆ ಕನ್ನಡಕ ಇಳಿಸಿಕೊಂಡು ಉಳಿದ ಪುಟಗಳನ್ನೆಲ್ಲ ಓದಿದರು. ಹರಿದ ಪುಟದಲ್ಲಿ ಏನಿತ್ತು ಎಂದು ಕೇಳಿದಾಗ, ಹುಡುಗ ಜಾಣನಾದ, ಹಾಸಿಗೆ ಒಣಗಿತು ಎಂದೆ. ತಲೆ ಎತ್ತಿ ನಮ್ಮ ಗೋಡೆಯ ಮೇಲಿನ ಕೌದಿ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಇದನ್ನ ಬರದಾವ್ರು ಒಂದ್ ದಿನಾನೂ ಕೌದಿ ಒಗದಿಲ್ಲ ಬಿಡು ಬೇಟಿ. ಹತ್ತು ವರ್ಷ ಆಗೋತನಕ ನಾನೂ ಹಾಸಿಗ್ಯಾಗ ಹೊಯ್ಕೊಂಡೀನಿ. ನಾನೇನು ಕೆಟ್ಟವನೇನು?”

ಒಂದು ಬಿಳಿ ಹಾಳೆ ಕತ್ತರಿಸಿ ನನ್ನ ಮುಂದಿಟ್ಟು, “ನೀನ ಬರಿ. ಸುಳ್ಳ ಮಾತ್ರ ಬರೀಬ್ಯಾಡ,” ಎಂದರು.

ಬರೆದೆ. ‘ಮರುದಿನವೂ ಹಾಸಿಗೆ ಒದ್ದೆಯಾಗಿತ್ತು. ಅಮ್ಮ ಒಗೆದಳು. ಹುಡುಗ ಶಾಲೆಗೆ ಹೋದನು.’ ಚಾಚಾ ಅದನ್ನು ಉಳಿದ ಹಾಳೆಗಳ ಜೊತೆ ಸೇರಿಸಿ ಹೊಲಿದರು. ಶನಿವಾರ ಟೀಚರ್ ಆ ಹಾಳೆ ಓದಿದರು, ನನ್ನ ಮುಖ ನೋಡಿದರು, ಪುಸ್ತಕವನ್ನು ಬೀರುವಿನಲ್ಲಿಟ್ಟರು.

ಅವತ್ತಿನಿಂದ ನಿಂತುಹೋಯಿತು ಎಂದು ಬರೆದರೆ ಚಾಚಾ ಬೈದಾರು. ಇನ್ನೂ ಒಂದು ವರ್ಷ ಕೌದಿ ಒಣಗಿತು. ಆದರೆ ಮಲಗುವ ಹೆದರಿಕೆ ಹೋಗಿತ್ತು, ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ.

ಚಾಚಾ ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ. ಸುದ್ದಿ ಗೊತ್ತಾಗಿದ್ದೇ ನಾಲ್ಕು ತಿಂಗಳ ಮೇಲೆ. ಆ ಸಂಕಟ ಇನ್ನೂ ಹೋಗಿಲ್ಲ...

ಇವತ್ತು ಬೆಳಿಗ್ಗೆ ನನ್ನ ಏಳು ವರ್ಷದ ಮಗಳು ಅಡುಗೆಮನೆಗೆ ಬಂದು, “ಅಮ್ಮಾ, ಇವತ್ತೂ ಹಾಸಿಗಿ ತೊಯ್ದೈತಿ,” ಎಂದಳು. ಹೇಳಿ, ಹಾಡಿಕೊಳ್ಳುತ್ತಾ ಹಲ್ಲುಜ್ಜಲು ಹೋದಳು. ಚಾಚಾ ಅದನ್ನು ಕೇಳಬೇಕಿತ್ತು.