ಕಂಬಕ್ಕೆ ಒರಗಿ ನಿಂತವಳು

ನನ್ನ ಅಮ್ಮನಿಗೆ ಐದು ತುಂಬುವ ಮೊದಲೇ ಅವಳ ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅಮ್ಮನಿಗೆ ಆ ಮುಖ ನೆನಪಿಲ್ಲ. ತವರಿನಲ್ಲಿದ್ದ ಹಳೆಯ ಆಲ್ಬಮನ್ನು ಗೆದ್ದಲು ತಿಂದು ಮುಗಿಸಿತ್ತು. ಈಗ ಅಮ್ಮನಿಗೆ ಎಂಬತ್ತು ದಾಟಿದೆ, ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಅದು ಪೂರ್ತಿ ಹೋಗುವ ಮೊದಲು ಅಜ್ಜಿಯ ಮುಖ ತೋರಿಸಿಯೇ ಸಿದ್ಧ ಎಂದು ಹಟ ಹಿಡಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳಿಗೆ ಹಟ ಹೊಸದಲ್ಲ.

ಅಮ್ಮನ ತವರಿನವರು ಫೋಟೋ ತೆಗೆಸುತ್ತಿದ್ದ, ಈಗ ಮುಚ್ಚಿಹೋದ ಕಂಕನಾಡಿಯ ಸ್ಟುಡಿಯೊದ ಹಳೆಯ ಫೋಟೋಗಳನ್ನೆಲ್ಲ ನಗರದ ಒಂದು ಸಂಗ್ರಹಾಲಯ ಕಂಪ್ಯೂಟರಿಗೆ ಏರಿಸಿತ್ತು. ಯಾವುದಕ್ಕೂ ಹೆಸರಿಲ್ಲ. ನಾವೊಂದು ಚಿತ್ರ ಕೊಟ್ಟರೆ, ರಾಶಿ ರಾಶಿ ಚಿತ್ರ ನೋಡಿ ಕಲಿತ ಯಂತ್ರ ಅದನ್ನು ಹೋಲುವವುಗಳನ್ನು ಹುಡುಕಿ ಕೊಡುತ್ತದೆ. ಅಜ್ಜಿಯೂ ಹೀಗೇ ಇದ್ದಿರಬೇಕೆಂದು ಅಮ್ಮನ ಮದುವೆಯ ಫೋಟೋ ಕೊಟ್ಟೆ. ಊರಿನ ಮದುಮಗಳಂದಿರೆಲ್ಲ ಬಂದು ಸಾಲಾಗಿ ನಿಂತರು. ಎರಡು ವಾರ ಕುಲಶೇಖರದ ನಮ್ಮ ಮನೆಯಿಂದ ಬಸ್ಸು ಹಿಡಿದು ಹೋಗಿ ಅವರನ್ನೇ ನೋಡಿದೆ. ಯಂತ್ರದ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಟೀಚರ್, ಅದಕ್ಕೆ ಸಂಬಂಧ ಎಲ್ಲ ಗೊತ್ತಾಗುದಿಲ್ಲ, ಕಾಣುದನ್ನು ಮಾತ್ರ ನೋಡ್ತದೆ," ಎಂದರು ಅಲ್ಲಿನ ಮೇಡಂ. "ನಿಮ್ಮ ಮನೆಯದ್ದು ಬೇರೆ ಎಂತ ಫೋಟೋ ಉಂಟು?"

ಇನ್ನು ಉಳಿದದ್ದು ಅಮ್ಮನ ಅಪ್ಪ ತೀರಿದಾಗ ತೆಗೆದದ್ದು. ನಮ್ಮ ಕ್ರೈಸ್ತ ಮನೆಗಳಲ್ಲಿ ಬೇರೆ ಯಾವುದಕ್ಕೂ ಫೋಟೋ ತೆಗೆಸದವರೂ ಮರಣವಾದರೆ ಶವಪೆಟ್ಟಿಗೆಯ ಹಿಂದೆ ಸಾಲಾಗಿ ನಿಲ್ಲುತ್ತಿದ್ದರು. ಅಮ್ಮನ ತವರಿನಲ್ಲಿ ಪೆಟ್ಟಿಗೆ ಇಡುತ್ತಿದ್ದದ್ದು ಯಾವಾಗಲೂ ಜಗಲಿಯ ಅದೇ ಎರಡು ಕಂಬಗಳ ನಡುವೆ. ನನಗಿದು ಮೊದಲೇ ಹೊಳೆಯಬೇಕಿತ್ತು. ಅಜ್ಜಿಯನ್ನು ನಗುಮುಖದಲ್ಲೇ ನೋಡಬೇಕೆಂಬ ಆಸೆ ಬುದ್ಧಿಗೆ ಮಂಕು ಕವಿಸಿತ್ತು.

ಈ ಸಲ ಆ ಫೋಟೋ ಕೊಟ್ಟೆ; ಮೂರನೆಯ ಚಿತ್ರದಲ್ಲೇ ನಮ್ಮ ಜಗಲಿ ಬಂತು. ಪೆಟ್ಟಿಗೆಯಲ್ಲಿ ಒಬ್ಬ ಮುದುಕ. ಹಿಂದೆ ಹಣೆಗೆ ಬಟ್ಟೆ ಕಟ್ಟಿದ ಪುಟ್ಟ ಹುಡುಗಿ. ತನ್ನ ಅಜ್ಜ ತೀರಿದ ದಿನ ಮೆಟ್ಟಿಲಿಂದ ಬಿದ್ದು ಆದ ಗಾಯದ ಕಲೆ ಅಮ್ಮನ ಹಣೆಯಲ್ಲಿ ಇಂದಿಗೂ ಇದೆ. ಆ ಹುಡುಗಿಯ ಕೈ ಹಿಡಿದು, ಕಂಬಕ್ಕೆ ಒರಗಿ ನಿಂತವಳು ತುಂಬು ಬಸುರಿ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮನೆಗೆ ತಂದೆ. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದಳು.

"ನನ್ನ ಅಮ್ಮ ಇಷ್ಟು ಸಣ್ಣ ಹುಡುಗಿಯಾ?" ಎಂದಳು.

ನಾನು ಹೌದೆಂದೆ. ಅವಳ ಹೆಬ್ಬೆರಳು ಕಂಬದ ಮೇಲೆಯೇ ಇತ್ತು.

"ಪಾಪ, ಯಾರಾದ್ರೂ ಇವಳಿಗೊಂದು ಕುರ್ಚಿ ಕೊಡ್ಬಹುದಿತ್ತು ಮಾರಾಯ್ತಿ."