ಬೂದಿಗೆ ಬೈಯುವವರು

“ಇಸ್ತ್ರಿಪೆಟ್ಟಿಗೆಯ ಕೆಂಡ ಆರಿದರೂ ಆರೀತು, ಆಯಮ್ಮನ ಬಾಯಿ ಆರೋದಿಲ್ಲ” ಎಂದು ಬೀದಿಯವರು ಹೇಳುತ್ತಿದ್ದರು. ಗಂಡನ ಮಾತು ಬಂದರೆ, “ಪಾಪ, ಅವನಿಗೂ ಒಂದು ಬಾಯಿ ಇದೆ ಅಂತ ಗೊತ್ತಾಗೋದು ಊಟದ ಹೊತ್ತಿನಲ್ಲಿ ಮಾತ್ರ” ಎಂದು ನಗುತ್ತಿದ್ದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೀದಿಗೆ ತೆರೆದ ಆ ಮುಂಗೋಣೆಯಲ್ಲಿ ಇಸ್ತ್ರಿಯಣ್ಣ ಮೇಜಿನ ಹಿಂದೆ ತುಟಿ ಬಿಚ್ಚದೆ ನಿಂತಿರುತ್ತಿದ್ದ. ಅವನ ಪಾಲಿನ ಮಾತನ್ನೂ ಸೇರಿಸಿ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು.

ಮೇಜಿನ ಮೇಲೆ ಮಡಿಸಿ ಹಾಸಿದ ಹಳೇ ಕಂಬಳಿ, ಅದರ ಮೇಲೊಂದು ಬಿಳಿ ಬಟ್ಟೆ, ಬಟ್ಟೆಯ ತುಂಬ ಕಂದು ಕಲೆ. ಎಡಕ್ಕೆ ನೀರಿನ ಬಟ್ಟಲು, ಕಾಲ ಬಳಿ ಇದ್ದಿಲಿನ ಡಬ್ಬ. ಪೆಟ್ಟಿಗೆಯ ತಳಕ್ಕೆ ಒದ್ದೆ ಬೆರಳು ತಾಗಿಸಿ ‘ಚುಂಯ್’ ಅನ್ನಿಸಿಕೊಂಡೇ ಅವನು ಅಂಗಿ ಹರವುತ್ತಿದ್ದುದು. ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಮಡಿಸುವುದು, ಗಂಟು ಕಟ್ಟುವುದು, ಮನೆಮನೆಗೆ ಮುಟ್ಟಿಸುವುದು ಅವಳ ಕೆಲಸ. ಬೈಯುವುದು ಕೆಲಸವಲ್ಲ, ಅದು ಅವಳ ಉಸಿರು.

“ಗುಂಡಿ ಇಲ್ಲದ ಅಂಗಿ ತಂದಿದೀರಲ್ಲ, ನಮ್ಮ ಇಸ್ತ್ರಿಪೆಟ್ಟಿಗೆ ಏನು ಗುಂಡಿ ಹೆರತ್ತಾ?” ಎಂದು ಗಿರಾಕಿಯ ಮುಖಕ್ಕೇ ಕೇಳುವಳು. ಸಂಜೆ ಅಂಗಿ ವಾಪಸು ಹೋಗುವಾಗ ಗುಂಡಿ ಅದರ ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು. ಅದಕ್ಕೇ ಬೈಸಿಕೊಂಡವರು ಮತ್ತೆ ಅಲ್ಲಿಗೇ ಬರುತ್ತಿದ್ದರು.

ಬೆಕ್ಕು ಬಂದದ್ದು ಇದ್ದಿಲಿನ ಮೂಟೆಯೊಳಗೆ. ಮೂಟೆ ಬಿಚ್ಚಿ ಸುರಿದರೆ, ಇದ್ದಿಲ ನಡುವೆ ಒಂದು ಕರೀ ಉಂಡೆ ಬಾಯಿ ಬಿಟ್ಟು ಅಳತೊಡಗಿತು. ತೊಳೆದರೆ ಬಿಳಿಯಾದೀತು ಅಂತ ಅವಳು ತಿಕ್ಕಿ ತಿಕ್ಕಿ ತೊಳೆದಳು. ನೀರು ಕರಿಯಾಯಿತು, ಸೋಪು ಸವೆಯಿತು, ಮರಿ ಮಾತ್ರ ಬೂದು ಬಣ್ಣಕ್ಕೆ ಬಂದು ನಿಂತಿತು. “ಸೋಪೆಲ್ಲ ದಂಡ ಮಾಡ್ತು ದರಿದ್ರದ್ದು” ಎಂದು ಬೈದು, ಹೊಸದಾಗಿ ಇಸ್ತ್ರಿಯಾದ ಟವೆಲಿನಲ್ಲೇ ಸುತ್ತಿ ಮಲಗಿಸಿದಳು. ಬೂದಿ ಎನ್ನುವ ಹೆಸರು ಅಂಟಿಕೊಂಡಿತು.

ದೊಡ್ಡದಾದ ಮೇಲೆ ಬೂದಿಗೆ ಹಗಲೆಲ್ಲ ಮಾಡು ಮಾಳಿಗೆಗಳ ಮೇಲೆ ತಿರುಗಾಟ. ಬೀದಿದೀಪ ಹೊತ್ತುವ ಸಮಯಕ್ಕೆ ಅವಳು ಹೊಸ್ತಿಲ ಮೇಲೆ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಲ್ಲುವಳು.

“ಎಲ್ಲಿ ಹಾಳಾಗಿ ಹೋದ್ಯೋ ಬೂದೀ? ಊರು ಸುತ್ತೋ ಸೋಮಾರಿ! ಮನೆ ಅನ್ನೋದು ಇದೆ ಅಂತ ನೆನಪಿದೆಯಾ ಇಲ್ವಾ? ಕಾಲು ಮುರಿದು ಕೈಗೆ ಕೊಡ್ತೀನಿ, ಬಾ ಇವತ್ತು!”

ಇಷ್ಟಾಗುವುದರೊಳಗೆ ಎಲ್ಲಿಂದಲೋ ಬೂದಿ ಬಾಲ ನೆಟ್ಟಗೆ ಎತ್ತಿಕೊಂಡು, ಸನ್ಮಾನಕ್ಕೆ ಕರೆದಂತೆ ಓಡಿ ಬರುತ್ತಿತ್ತು. ಆ ಬೈಗುಳವೇ ಬೀದಿಗೆ ಗಡಿಯಾರ. ಅದು ಕಿವಿಗೆ ಬಿದ್ದೊಡನೆ ಎದುರುಮನೆಯ ಟೀಚರಮ್ಮ ಪುಸ್ತಕ ಮುಚ್ಚಿ ಒಲೆ ಹಚ್ಚುತ್ತಿದ್ದರು, ಹಾಲಂಗಡಿಯವನು ಅಂಗಡಿಯ ಬಾಗಿಲನ್ನು ಅರ್ಧ ಎಳೆಯುತ್ತಿದ್ದ.

ಆ ಮನೆಯಲ್ಲಿ ಹೆದರಬೇಕಾಗಿದ್ದುದು ಬೈಗುಳಕ್ಕಲ್ಲ, ಮುದ್ದಿನ ಮಾತಿಗೆ. “ಬಾರೋ ನನ್ನ ಬಂಗಾರ” ಎಂದು ಅವಳು ಕರೆದಳೋ, ಬೆನ್ನ ಹಿಂದಿನ ಕೈಯಲ್ಲಿ ಹುಳದ ಔಷಧಿ ಇದೆಯೆಂದೇ ಲೆಕ್ಕ. ಒಂದೆರಡು ಸಲ ಮೋಸಹೋದ ಬೂದಿ, ಆಮೇಲೆ ಬಂಗಾರದ ಸುದ್ದಿ ಎತ್ತಿದರೆ ಸಾಕು, ಗೋಡೆ ಹಾರಿ ಮಂಗಮಾಯ. ಇಸ್ತ್ರಿಯಣ್ಣನ ಪಾಡೂ ಬೇರೆಯಲ್ಲ. ಅವಳು ದನಿ ಇಳಿಸಿ, “ರೀ, ಸುಸ್ತಾಯ್ತಾ? ಒಂದು ಗಳಿಗೆ ಕೂತ್ಕೊಳ್ಳಿ” ಅಂದರೆ ಅವನ ಮೈಕೂದಲು ನಿಮಿರುತ್ತಿತ್ತು. ಒಂದೋ ಹಲ್ಲು ಕೀಳಿಸಲು ಹೋಗಬೇಕು, ಇಲ್ಲವೇ ಅವಳ ಅಣ್ಣ ಸಂಸಾರಸಮೇತ ಬಂದು ಝಾಂಡಾ ಊರುವವನಿದ್ದಾನೆ. “ಏನು ವಿಷಯ, ಬೇಗ ಹೇಳಿಬಿಡು” ಎಂದು ಅವನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಹೀಗೆ ಬಾಳು ನಡೆಯಿತು. ಆಮೇಲೆ ಅವಳ ಎದೆಗೆ ಕೆಮ್ಮು ಹೊಕ್ಕಿತು, ಹೊಕ್ಕದ್ದು ಹೊರಡಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅವಳು ನರ್ಸಿಗೆ ಬೈದಳು, ಸೂಜಿಗೆ ಬೈದಳು, ಮುದುಡಿದ ಕೋಟು ಹಾಕಿಕೊಂಡು ಬಂದ ಡಾಕ್ಟರಿಗೂ ಬೈದಳು. ಬೈದಷ್ಟೂ ಇಸ್ತ್ರಿಯಣ್ಣನಿಗೆ ಧೈರ್ಯ. ಒಂದು ಮಧ್ಯಾಹ್ನ ಅವಳು ಮೆಲ್ಲಗೆ ಅಂದಳು: “ರೀ, ಊಟ ಆಯ್ತಾ? ಆಗಿಂದ ನಿಂತೇ ಇದೀರಲ್ಲ. ಕೂತ್ಕೊಳ್ಳಿ.”

ಅವನು ಕೂರಲಿಲ್ಲ.

“ಹಾಗೆಲ್ಲ ಮಾತಾಡಬೇಡ ಕಣೇ. ಒಂದ್ಸಲ ಬೈದುಬಿಡು” ಅಂದ.

ಅವಳು ನಕ್ಕಳು. “ನನ್ನ ಬೂದೀನ ನೋಡ್ಕೊಳ್ಳಿ. ದಿನಾ ಬೈಯಬೇಕು ಅದಕ್ಕೆ. ನಿಮಗೆಲ್ಲಿ ಬರತ್ತೆ, ಬಿಡಿ!”

ಅವಳು ಹೋದ ಮೇಲೆ ಬೀದಿಯ ಹೊತ್ತುಗೊತ್ತೇ ತಪ್ಪಿತು. ಟೀಚರಮ್ಮನ ಒಲೆ ತಡವಾಗಿ ಹತ್ತಿತು, ಹಾಲಂಗಡಿಯವನು ಗೋಡೆಯ ಗಡಿಯಾರ ನೋಡುವುದನ್ನು ಕಲಿತ. ಒಳಗೆ ಇಸ್ತ್ರಿಯಣ್ಣ, ಬೂದಿ, ಎರಡೂ ಮೂಕಪ್ರಾಣಿಗಳು. ಕರೆಯುವವರಿಲ್ಲದೆ ಬೆಕ್ಕು ತನಗೆ ತೋಚಿದಾಗ ಬಂದು, ಇಟ್ಟದ್ದು ತಿಂದು, ಮೇಜಿನ ಕೆಳಗಿನ ಬೆಚ್ಚಗಿನ ಜಾಗದಲ್ಲಿ ಮಲಗುತ್ತಿತ್ತು. ಅದರ ಮೈ ತನ್ನ ಕಾಲಿಗೆ ತಾಗಿದಾಗ, ಮನೆಯಲ್ಲಿ ಇನ್ನೂ ಒಬ್ಬರು ಅವಳ ದನಿ ಕೇಳಿದವರಿದ್ದಾರೆ ಎಂದು ಅವನಿಗೆ ಸಮಾಧಾನ.

ಕಟ್ಟಡದ ಯಜಮಾನರು ಮನೆ ಮಾರಿದರು. ಕೊಂಡವರು ಕೆಡವಿ ಹೊಸದು ಕಟ್ಟುವವರು. ಆಗ ದೂರದ ಊರಿನಲ್ಲಿ ಲಾಂಡ್ರಿ ಇಟ್ಟುಕೊಂಡಿದ್ದ ನಾದಿನಿ ಫೋನು ಮಾಡಿದಳು. “ಭಾವ, ನನ್ನಲ್ಲಿ ಇಸ್ತ್ರಿಗೆ ಬರೋರೆಲ್ಲ ಒಂದೋ ಬಟ್ಟೆ ಸುಡ್ತಾರೆ, ಇಲ್ಲ ಕೆಲಸ ಬಿಡ್ತಾರೆ. ನೀವು ಬಂದುಬಿಡಿ. ಹಿಂದುಗಡೆ ಕೋಣೆ ಖಾಲಿ ಇದೆ.”

“ಬೂದಿ?”

“ಅಯ್ಯೋ, ಅಕ್ಕನ ಬೆಕ್ಕು ಬಿಟ್ಟು ಬಂದರೆ ನಿಮ್ಮನ್ನ ಒಳಗೆ ಸೇರಿಸ್ತೀನಾ?”

ಆ ಒಂದು ಮಾತಿಗೆ ಅವನು ಒಪ್ಪಿದ್ದು.

ಹೊರಡುವ ದಿನ ನಾದಿನಿಯೇ ಗಾಡಿ ತೆಗೆದುಕೊಂಡು ಬಂದಳು. ಮಂಚ ಎಳೆದ ಸದ್ದಿಗೆ, ಪಾತ್ರೆ ಬಿದ್ದ ಸದ್ದಿಗೆ ಬೂದಿ ಕಿಟಕಿ ಹಾರಿದ್ದು ಮತ್ತೆ ಪತ್ತೆಯಿಲ್ಲ. ಸಾಮಾನೆಲ್ಲ ಗಾಡಿ ಹತ್ತಿತು, ಬಿಸಿಲು ಇಳಿಯಿತು. ಕತ್ತಲಾಗುವ ಮುಂಚೆ ಬೀಗದ ಕೈ ಯಜಮಾನರಿಗೆ ಒಪ್ಪಿಸಬೇಕು. ಬೆಳಗಾದರೆ ಗುದ್ದಲಿ ಹಾರೆ ಹಿಡಿದು ಜನ ಬರುತ್ತಾರೆ.

“ಅದು ಬರದೆ ನಾನು ಬರಲ್ಲ” ಅಂದ ಇಸ್ತ್ರಿಯಣ್ಣ.

“ಬೆಕ್ಕು ತಾನೇ ಅಣ್ಣ? ಹೋದ ಕಡೆ ಇನ್ನೊಂದು ಸಿಗತ್ತೆ. ಬೆಕ್ಕಿಗೇನು ಬರವೇ!” ಎಂದ ಡ್ರೈವರ್. ಇಸ್ತ್ರಿಯಣ್ಣ ತಿರುಗಿ ನೋಡಿದ ನೋಟಕ್ಕೆ ಅವನು ಸುಮ್ಮನೆ ಹೋಗಿ ಟೈರು ಒತ್ತಿ ನೋಡಿದ.

ಅಟ್ಟ ಹುಡುಕಿದ್ದಾಯಿತು, ಇದ್ದಿಲಿನ ಗೂಡು ಹುಡುಕಿದ್ದಾಯಿತು, ಮಾಳಿಗೆಯ ನೀರಿನ ಟ್ಯಾಂಕಿನ ಹಿಂದೆ ಬಗ್ಗಿ ನೋಡಿದ್ದಾಯಿತು. ಕೊನೆಗೆ ಹಾಲಂಗಡಿಯ ತಗಡಿನ ಮೇಲೆ ಎರಡು ಕಿವಿ ಕಂಡವು. ನಾದಿನಿ ಬಟ್ಟಲಲ್ಲಿ ಹಾಲು ಹಿಡಿದು ರಾಗವಾಗಿ ಕರೆದಳು: “ಬಾರೋ ಪುಟ್ಟಾ, ಬಾರೋ ಬಂಗಾರಾ...”

ಎರಡು ಕಿವಿಯೂ ಚಪ್ಪಟೆಯಾಗಿ ಮಾಯವಾದವು.

“ಬಂಗಾರಕ್ಕೆ ಬರೋ ಹಾಗೆ ಕಾಣಲ್ಲ. ವಜ್ರ ಅಂತ ಕರೆದು ನೋಡಿ ಅಕ್ಕ” ಎಂದ ಹಾಲಂಗಡಿಯವನು.

“ನೀವು ಸುಮ್ಮನಿರ್ರೀ, ಹಾಲಿಗೆ ನೀರು ಹಾಕಿರ್ತೀರಿ, ಅದಕ್ಕೇ ಬರ್ತಿಲ್ಲ!”

ಇಸ್ತ್ರಿಯಣ್ಣ ಒಬ್ಬನೇ ಹಿಂದಿನ ಸಂದಿಗೆ ಹೋದ. ಮೆಟ್ಟಿಲ ಕೆಳಗೆ ಹಳದಿ ಕಣ್ಣು ಹೊಳೆದವು. ಕೂತು, ಕೈ ಚಾಚಿ, ಜನ್ಮದಲ್ಲೇ ಆಡದಷ್ಟು ನಯವಾಗಿ ಆಡಿದ. “ಬಾ ಬೂದಿ, ಬಾರಪ್ಪ ನನ್ನ ರಾಜ...” ಬೆರಳಿಗೆ ಮೀಸೆ ತಾಗುವಷ್ಟು ಹತ್ತಿರವಿದ್ದದ್ದು ಆ ಮಾತಿಗೆ ಬೆಚ್ಚಿ, ಅವನ ಭುಜದ ಮೇಲಿಂದಲೇ ಹಾರಿ ಓಡಿತು.

ಅವನು ಬಂದು ಖಾಲಿ ಮನೆಯ ಹೊಸ್ತಿಲ ಮುಂದೆ ನಿಂತ. ಅವಳು ಒಪ್ಪಿಸಿಹೋದದ್ದು ಇದೊಂದೇ. ಅದನ್ನೂ ಕಳೆದುಕೊಂಡು ಯಾವ ಮುಖ ಹೊತ್ತು ಗಾಡಿ ಹತ್ತುವುದು?

ನಾದಿನಿ ಹತ್ತಿರ ಬಂದಳು. ದನಿ ಇಳಿಸಿ ಮೆಲ್ಲಗೆ ಅಂದಳು: “ಭಾವ, ಸುಸ್ತಾಯ್ತಾ? ಒಂದು ಗಳಿಗೆ ಕೂತ್ಕೊಳ್ಳಿ.”

ಅದೇ ದನಿ. ಅಕ್ಕನದೇ ಪಡಿಯಚ್ಚು. ಇಸ್ತ್ರಿಯಣ್ಣನ ಮೈಕೂದಲು ನಿಮಿರಿ ನಿಂತವು. “ಏನು ವಿಷಯ, ಬೇಗ ಹೇಳಿಬಿಡು!” ಎಂದುಬಿಟ್ಟ.

“ಏನಿಲ್ಲ, ಇವತ್ತಿಗೆ ಅದನ್ನ ಇಲ್ಲೇ ಬಿಟ್ಟು...”

ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅಲ್ಲಿಂದ ಎದ್ದುಬಿದ್ದು ಓಡಬೇಕು ಎಂದು ಅವನ ಕಾಲೇ ಹೇಳುತ್ತಿತ್ತು. ಗೋಡೆ ಇದ್ದರೆ ಹಾರುತ್ತಿದ್ದನೋ ಏನೋ. ಆಗ ಹೊಳೆಯಿತು. ಬೆಳಗ್ಗಿನಿಂದ ಊರಿಗೆ ಊರೇ ಸೇರಿ ಆ ಪ್ರಾಣಿಯನ್ನು ಔಷಧಿ ಕುಡಿಸುವ ದನಿಯಲ್ಲಿ ಕರೆಯುತ್ತಿದೆ! ದಿನಾ ಬೈಯಬೇಕು ಅದಕ್ಕೆ ಎಂದು ಹೆಂಡತಿ ಅಂದಿದ್ದಳು. ನೋಡಿಕೊಳ್ಳುವುದನ್ನು ನೆನಪಿಟ್ಟುಕೊಂಡು, ಬೈಯುವುದನ್ನು ಅವನು ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದ.

ಹೊಸ್ತಿಲ ಮೇಲೆ ಹತ್ತಿ ನಿಂತ. ಸೊಂಟಕ್ಕೆ ಕೈ ಕೊಟ್ಟ.

“ಎಲ್ಲಿ... ಎಲ್ಲಿ ಹಾಳಾಗಿ ಹೋದ್ಯೋ ಬೂದೀ?”

ಡ್ರೈವರ್ ಟೈರು ಬಿಟ್ಟು ಎದ್ದು ನಿಂತ.

“ಊರು ಸುತ್ತೋ ಸೋಮಾರಿ! ಮನೆ ಅನ್ನೋದು ಇದೆ ಅಂತ ನೆನಪಿದೆಯಾ ಇಲ್ವಾ? ಕಾಲು ಮುರಿದು ಕೈಗೆ ಕೊಡ್ತೀನಿ, ಬಾ ಇವತ್ತು!”

ಹಾಲಂಗಡಿಯವನ ಕೈ ತಾನಾಗಿ ಮೇಲೆ ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಎಳೆಯಿತು. ಎದುರುಮನೆಯ ಅಡುಗೆಕೋಣೆಯಲ್ಲಿ ದೀಪ ಹತ್ತಿತು. ಟೀಚರಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು, ಹೊಸ್ತಿಲ ಮೇಲೆ ನಿಂತವನನ್ನು ಕಂಡು ಸೆರಗು ಬಾಯಿಗೊತ್ತಿಕೊಂಡರು.

ತಗಡಿನ ಮೇಲಿಂದ ಕಾಂಪೌಂಡಿಗೆ, ಕಾಂಪೌಂಡಿನಿಂದ ಬೀದಿಗೆ, ಬಾಲ ನೆಟ್ಟಗೆ ಎತ್ತಿಕೊಂಡು ಬೂದಿ ಓಡಿ ಬಂತು. ಬಂದು ಅವನ ಕಾಲಿಗೆ ಮೈ ತಿಕ್ಕಿತು. ಅವನು ನಿಲ್ಲಿಸಲಿಲ್ಲ. “ತಿಂದುಂಡು ಮೈ ಬೆಳೆಸಿದ್ದೊಂದೇ ಬಂತು! ಕಾಯೋರಿಗೆ ಜೀವ ಇಲ್ವಾ? ಹೇಳದೆ ಕೇಳದೆ ಹೋಗಿಬಿಡೋದಾ ಹೀಗೆ, ಹಿಂದಿರೋರು ಏನು ಮಾಡ್ಬೇಕು?” ಕಣ್ಣಿಂದ ನೀರು ಇಳಿದು ಗಲ್ಲ ಸೇರುತ್ತಿತ್ತು.

“ಬಂತಲ್ಲ ಭಾವ, ಸಾಕು” ಎಂದಳು ನಾದಿನಿ.

“ತಡಿ, ಇನ್ನೂ ಸ್ವಲ್ಪ ಬಾಕಿ ಇದೆ” ಎಂದು ಅವನು ಮೂಗೊರೆಸಿಕೊಂಡ.

ಬಾಕಿ ಇದ್ದದ್ದನ್ನೂ ಬೈದು ಮುಗಿಸಿ, ಗಾಡಿಯಿಂದ ಮೇಜಿನ ಹಳೇ ಕಂಬಳಿ ಎಳೆದು ಅದರಲ್ಲಿ ಬೂದಿಯನ್ನು ಸುತ್ತಿ, ಮೂತಿಯಷ್ಟು ಹೊರಗೆ ಬಿಟ್ಟು ಬಗಲಿಗೆ ಏರಿಸಿಕೊಂಡ. ಹಾಗೆಯೇ ಒಳಗೊಮ್ಮೆ ಹೋದ. ಮೇಜಿಲ್ಲದ ಕೋಣೆ ದೊಡ್ಡದಾಗಿ ಕಂಡಿತು. ಗೋಡೆಯ ಮೇಲೆ ಹೊಗೆಯ ಕಲೆ. ನೆಲದಲ್ಲಿ, ಅವನು ಇಷ್ಟು ಕಾಲ ನಿಂತ ಕಡೆ, ಎರಡು ಸಣ್ಣ ತಗ್ಗು. ಅದರ ಎದುರಿಗೆ, ಅವಳು ಕೂತು ಬಟ್ಟೆ ಮಡಿಸುತ್ತಿದ್ದ ಜಾಗದಲ್ಲಿ ನೆಲ ಕನ್ನಡಿಯಂತೆ ನುಣುಪಾಗಿತ್ತು. ಅವನು ಬಗ್ಗಿ ಅಂಗೈಯಿಂದ ಆ ನುಣುಪನ್ನು ಒಮ್ಮೆ ಸವರಿದ. ಒಂದು ಒಳ್ಳೆಯ ಮಾತು ಆಡಿ ಹೊರಡೋಣ ಅನ್ನಿಸಿತು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ.

“ಬಿದ್ದಿರು ಹೀಗೇ, ದರಿದ್ರ ಮನೆ” ಎಂದು ಹೊಸ್ತಿಲು ದಾಟಿ ಬಾಗಿಲೆಳೆದುಕೊಂಡ. ಬಗಲಲ್ಲಿ ಬೂದಿ ಹಾಯಾಗಿ ಗುರುಗುಟ್ಟುತ್ತಿತ್ತು.